ಕಾಶಿಯ ಅರಸು ಜಯಚಂದ್ರ

ಉತ್ತರ ಹಿಂದೂಸ್ಥಾನದಲ್ಲಿ ನಂಬಿದವರಿಗೆ ಕೇಡು ಬಗೆದವನನ್ನು ಜಯಚಂದ ಎಂದು ಕರೆಯುವ ರೂಢಿಯಿದೆ. ಮನೆಯ ಗುಟ್ಟನ್ನು ಹೊರಗಿನವರಿಗೆ ತಿಳಿಸಿದವನು ಜಯಚಂದ. ಸ್ವಂತ ಊರಿಗೆ ಎರಡು ಬಗೆದವನೂ ಜಯಚಂದ. ಒಬ್ಬ ಮನುಷ್ಯನ ಹೆಸರು ಹೀಗೆ ಬೈಗುಳವಾಗಿ ಎಂಟುನೂರು ವರ್ಷ ಬದುಕುವುದು ಸಾಮಾನ್ಯ ಸಂಗತಿಯಲ್ಲ. ಆ ಹೆಸರನ್ನು ಹೊತ್ತವನು ನಿಜವಾಗಿ ಯಾರು, ಹೇಗೆ ಬಾಳಿದನು, ಹೇಗೆ ಸತ್ತನು ಎಂಬುದನ್ನು ಬೈಯುವವರು ವಿಚಾರಿಸುವುದಿಲ್ಲ. ವಿಚಾರಿಸಿದರೆ ತಿಳಿಯುವ ಕಥೆ ಬೇರೆಯೇ ಆಗಿದೆ.

ಜಯಚಂದ್ರನು ಗಾಹಡವಾಲ ವಂಶದ ದೊರೆ. ಶಾಸನಗಳಲ್ಲಿ ಅವನ ಹೆಸರು ಜಯಚ್ಚಂದ್ರ ಎಂದು ಬರುತ್ತದೆ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ತಲೆಯೆತ್ತಿದ ಈ ವಂಶವು ಗಂಗಾ ಯಮುನೆಗಳ ನಡುವಣ ಫಲವತ್ತಾದ ಬಯಲನ್ನೂ ಕಾಶಿಯನ್ನೂ ಆಳುತ್ತಿದ್ದಿತು. ಕನೌಜಿನ ಒಡೆತನ ಅವರ ಬಿರುದಿಗೆ ಶೋಭೆ ತಂದಿದ್ದರೂ ಅವರ ಬಾಳುವೆಯ ನೆಲೆ ಹೆಚ್ಚಾಗಿ ಕಾಶಿಯೇ. ಆದುದರಿಂದ ಪರ್ಷಿಯನ್ ಮತ್ತು ಅರಬ್ಬಿ ಭಾಷೆಯ ಇತಿಹಾಸಕಾರರು ಜಯಚಂದ್ರನನ್ನು ಬನಾರಸಿನ ರಾಯನೆಂದೇ ಕರೆದಿದ್ದಾರೆ. ಅವನ ಅಜ್ಜ ಗೋವಿಂದಚಂದ್ರನು ಆ ಮನೆತನದ ಅತಿ ದೊಡ್ಡ ಅರಸು. ಯುವರಾಜನಾಗಿದ್ದಾಗಲೇ ತುರುಷ್ಕರನ್ನು ಎದುರಿಸಿ ಹಿಮ್ಮೆಟ್ಟಿಸಿದವನು. ಧರ್ಮಶಾಸ್ತ್ರದ ಮಹಾಗ್ರಂಥವಾದ ಕೃತ್ಯಕಲ್ಪತರುವನ್ನು ಬರೆದ ಲಕ್ಷ್ಮೀಧರನು ಅವನ ಮಂತ್ರಿ. ಅವನ ರಾಣಿಯರಲ್ಲಿ ಒಬ್ಬಳಾದ ಕುಮಾರದೇವಿಯು ಬೌದ್ಧಧರ್ಮದವಳಾಗಿದ್ದು ಸಾರನಾಥದಲ್ಲಿ ವಿಹಾರವನ್ನು ಕಟ್ಟಿಸಿದಳು. ಇಂತಹ ಅಜ್ಜನ ಮೊಮ್ಮಗನಾಗಿ, ವಿಜಯಚಂದ್ರನ ಮಗನಾಗಿ ಜಯಚಂದ್ರನು 1170ರ ಜೂನ್ ತಿಂಗಳಿನಲ್ಲಿ ಪಟ್ಟವೇರಿದನು.

ಅವನ ಆಳ್ವಿಕೆಯ ವಿವರಗಳು ನಮಗೆ ದೊರೆಯುವುದು ತಾಮ್ರಪಟಗಳಿಂದ. ಕಾಶಿಯ ಬಳಿಯ ಕಮೌಲಿ ಎಂಬ ಹಳ್ಳಿಯಲ್ಲಿ ಗಾಹಡವಾಲರ ಅನೇಕ ತಾಮ್ರಪಟಗಳು ಸಿಕ್ಕಿವೆ. ಅವುಗಳಲ್ಲಿ ಜಯಚಂದ್ರನ ಪಟ್ಟಾಭಿಷೇಕದ ದಾನವಿದೆ. 1175ರಲ್ಲಿ ಮಗ ಹರಿಶ್ಚಂದ್ರನು ಹುಟ್ಟಿದಾಗ ಜಾತಕರ್ಮದ ನಿಮಿತ್ತ ಕೊಟ್ಟ ದಾನವಿದೆ. ಈ ತಗಡುಗಳಲ್ಲಿ ನಾವು ಕಾಣುವವನು ಗಂಗೆಯಲ್ಲಿ ಮಿಂದು, ದೇವರನ್ನು ಪೂಜಿಸಿ, ಬ್ರಾಹ್ಮಣರಿಗೆ ಹಳ್ಳಿಗಳನ್ನು ಧಾರೆಯೆರೆಯುವ ಸಾಮಾನ್ಯ ಹಿಂದೂ ಅರಸು. ಯುವರಾಜನಾಗಿದ್ದಾಗಲೇ ಅವನು ವಿಷ್ಣುಭಕ್ತಿಯ ದೀಕ್ಷೆಯನ್ನು ಪಡೆದಿದ್ದನು. ಆದರೂ ಬೋಧಗಯೆಯ ಒಂದು ಶಾಸನದಲ್ಲಿ ಶ್ರೀಮಿತ್ರನೆಂಬ ಬೌದ್ಧ ಭಿಕ್ಷುವು ಕಾಶಿಯ ಅರಸನಾದ ಜಯಚಂದ್ರನಿಗೆ ಗುರುವಾಗಿದ್ದನೆಂದು ಹೇಳಿದೆ. ಅಜ್ಜಿಯ ಮನೆಯ ಸಂಸ್ಕಾರ ಮೊಮ್ಮಗನಲ್ಲಿಯೂ ಉಳಿದಿದ್ದಿತೆಂದು ಭಾವಿಸಿದರೆ ತಪ್ಪಾಗಲಾರದು.

ಸಂಸ್ಕೃತ ಸಾಹಿತ್ಯವನ್ನು ಬಲ್ಲವರಿಗೆ ಈ ಆಸ್ಥಾನದ ಇನ್ನೊಂದು ನೆನಪು ಪ್ರಿಯವಾದುದು. ನೈಷಧೀಯ ಚರಿತವೆಂಬ ಮಹಾಕಾವ್ಯವನ್ನು ಬರೆದ ಶ್ರೀಹರ್ಷನು ವಿಜಯಚಂದ್ರ ಮತ್ತು ಜಯಚಂದ್ರರ ಆಶ್ರಯದಲ್ಲಿದ್ದನೆಂದು ಪರಂಪರೆ ಹೇಳುತ್ತದೆ. ನಳ ದಮಯಂತಿಯರ ಕಥೆ ನಮಗೆಲ್ಲ ತಿಳಿದಿದೆ. ಸ್ವಯಂವರದ ಮಂಟಪದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ಧರಿಸಿ ಕುಳಿತಾಗ, ದಮಯಂತಿಯು ನಿಜವಾದ ನಳನನ್ನು ಕಂಡುಹಿಡಿಯಬೇಕಾಗುತ್ತದೆ. ಮುಖಗಳೆಲ್ಲ ಒಂದೇ. ಕೊನೆಗೆ ಅವಳು ನೋಡುವುದು ಮುಖವನ್ನಲ್ಲ. ಮಣ್ಣಿನ ಮನುಷ್ಯನಿಗೆ ಮಾತ್ರ ಇರುವ ಸಣ್ಣ ದೇಹಚಿಹ್ನೆಗಳನ್ನು. ಮುಖದಿಂದ ತಿಳಿಯದ ಮನುಷ್ಯನನ್ನು ಬೇರೆ ಗುರುತಿನಿಂದ ಅರಿಯುವ ಈ ಕಥೆಯನ್ನು ತನ್ನ ಸಭೆಯ ಕವಿಯಿಂದ ಕೇಳಿದ ಅರಸನಿಗೆ, ತನ್ನ ಕೊನೆಯ ದಿನದಲ್ಲಿ ಅಂತಹುದೇ ಗತಿ ಒದಗೀತೆಂದು ಹೇಗೆ ತಿಳಿಯಬೇಕು?

ಜಯಚಂದ್ರನು ಕಾಶಿಯಲ್ಲಿ ಆಳುತ್ತಿದ್ದ ಕಾಲಕ್ಕೆ ನಮ್ಮ ನಾಡು ಹೇಗಿದ್ದಿತೆಂಬುದನ್ನೂ ನೆನೆಯಬಹುದು. ಕಲ್ಯಾಣದಲ್ಲಿ ಶರಣರ ಕ್ರಾಂತಿ ನಡೆದು ಕೆಲವೇ ವರ್ಷಗಳು ಕಳೆದಿದ್ದವು. ದ್ವಾರಸಮುದ್ರದಲ್ಲಿ ಇಮ್ಮಡಿ ವೀರಬಲ್ಲಾಳನು ಬಲಗೊಳ್ಳುತ್ತಿದ್ದನು. ಇಂದು ಉತ್ತರಕನ್ನಡದ ಮುಂಡಗೋಡ ತಾಲೂಕಿಗೆ ಸೇರಿರುವ ಸನವಳ್ಳಿಯ ಸುತ್ತಿನ ಸೀಮೆ ಆಗ ಹಾನಗಲ್ಲಿನ ಕದಂಬರ ಪ್ರಭಾವದಲ್ಲಿದ್ದಿತು. ಬನವಾಸಿ, ಹಾನಗಲ್ಲುಗಳ ಈ ಸೀಮೆಯಲ್ಲಿ ಊರ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿರುವುದನ್ನು ಎಲ್ಲರೂ ಕಂಡಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ತುರು ಕಾದು ಸತ್ತ ಹಳ್ಳಿಯ ಆಳಿಗೂ ಒಂದು ಕಲ್ಲು ದೊರೆಯುತ್ತಿದ್ದಿತು. ಸತ್ತವನು ಇಂತಹವನು, ಇಂತಹ ಕಾರಣಕ್ಕೆ ಸತ್ತನು ಎಂದು ಊರು ತನ್ನ ಹೊಣೆಯಿಂದ ಬರೆದಿಡುತ್ತಿದ್ದಿತು. ಕಾಶಿಯ ಚಕ್ರವರ್ತಿಗೆ ಆ ಭಾಗ್ಯ ದೊರೆಯಲಿಲ್ಲ.

ಈಗ ಬೈಗುಳದ ಮೂಲಕ್ಕೆ ಬರೋಣ. ದೆಹಲಿ ಮತ್ತು ಅಜಮೀರಗಳನ್ನು ಆಳುತ್ತಿದ್ದ ಪೃಥ್ವೀರಾಜ ಚೌಹಾಣನು ಜಯಚಂದ್ರನ ನೆರೆಯವನು. ಪೃಥ್ವೀರಾಜ ರಾಸೋ ಎಂಬ ಹಿಂದಿಯ ವೀರಕಾವ್ಯವು ಒಂದು ಕಥೆಯನ್ನು ಹೇಳುತ್ತದೆ. ಜಯಚಂದ್ರನು ಮಗಳು ಸಂಯುಕ್ತೆಗೆ ಸ್ವಯಂವರವನ್ನು ಏರ್ಪಡಿಸಿ, ಪೃಥ್ವೀರಾಜನನ್ನು ಕರೆಯದೆ, ಅವನನ್ನು ಅವಮಾನಗೊಳಿಸಲು ಅವನ ಪ್ರತಿಮೆಯನ್ನು ಬಾಗಿಲು ಕಾಯುವವನಂತೆ ನಿಲ್ಲಿಸಿದನಂತೆ. ಸಂಯುಕ್ತೆ ಆ ಪ್ರತಿಮೆಗೇ ಮಾಲೆ ಹಾಕಿದಳಂತೆ. ಪೃಥ್ವೀರಾಜನು ಅವಳನ್ನು ಕುದುರೆಯ ಮೇಲೆ ಹೊತ್ತುಕೊಂಡು ಹೋದನಂತೆ. ಈ ಸೇಡಿಗಾಗಿ ಜಯಚಂದ್ರನು ಘೋರಿ ಮಹಮ್ಮದನನ್ನು ಹಿಂದೂಸ್ಥಾನಕ್ಕೆ ಕರೆದು ತಂದನೆಂದು ಜನ ನಂಬಿದರು. ನಾಟಕಕಾರರಿಗೂ ಚಲನಚಿತ್ರದವರಿಗೂ ಇದಕ್ಕಿಂತ ಒಳ್ಳೆಯ ಕಥಾವಸ್ತು ಬೇಕೆ?

ಆದರೆ ರಾಸೋ ಕಾವ್ಯವು ಈಗ ದೊರೆಯುವ ರೂಪದಲ್ಲಿ ಆ ಘಟನೆಗಳಿಗಿಂತ ಬಹಳ ಈಚಿನದೆಂದು ವಿದ್ವಾಂಸರು ತೋರಿಸಿದ್ದಾರೆ. ಜಯಚಂದ್ರನ ತಾಮ್ರಪಟಗಳಲ್ಲಿ ಸಂಯುಕ್ತೆಯ ಹೆಸರಿಲ್ಲ. ಘೋರಿಯ ವಿಜಯಗಳನ್ನು ಹಾಡಿ ಹೊಗಳಿದ ಸಮಕಾಲೀನ ಬರಹಗಾರರೂ ಜಯಚಂದ್ರನು ತಮ್ಮ ಒಡೆಯನನ್ನು ಕರೆಸಿದನೆಂದು ಬರೆದಿಲ್ಲ. ಘೋರಿಯು ಹಿಂದೂಸ್ಥಾನದ ಮೇಲೆ ದಂಡೆತ್ತಿ ಬರಲು ಯಾರ ಕರೆಯೂ ಬೇಕಾಗಿರಲಿಲ್ಲ. 1175ರಿಂದಲೇ ಅವನು ಬರುತ್ತಿದ್ದನು. ನೆರೆಯ ಇಬ್ಬರು ಪ್ರಬಲ ಅರಸರಲ್ಲಿ ಹಗೆ ಇದ್ದಿರಬಹುದು. ಪೃಥ್ವೀರಾಜನು ಸತ್ತ ಸುದ್ದಿಯಿಂದ ಜಯಚಂದ್ರನು ಸಂತೋಷಪಟ್ಟನೆಂದು ಜೈನರ ಪ್ರಬಂಧಗಳಲ್ಲಿ ಒಂದು ಮಾತು ಬರುತ್ತದೆ. ಅದು ನಿಜವಾಗಿದ್ದರೆ ಅವನ ದೂರದೃಷ್ಟಿಯ ಕೊರತೆಯನ್ನು ನಾವು ಆಡಿಕೊಳ್ಳಬಹುದು. ನೆರೆಮನೆಗೆ ಹತ್ತಿದ ಬೆಂಕಿಯನ್ನು ನೋಡುತ್ತ ನಿಂತವನು ಅವಿವೇಕಿ. ಆದರೆ ಅವನೇ ಬೆಂಕಿಯಿಟ್ಟನೆಂದು ಹೇಳಲು ಬೇರೆ ಸಾಕ್ಷಿ ಬೇಕು. ಆ ಸಾಕ್ಷಿ ಇಂದಿನವರೆಗೂ ದೊರೆತಿಲ್ಲ.

1191ರಲ್ಲಿ ತರಾಯಿನ್ ಎಂಬಲ್ಲಿ ಪೃಥ್ವೀರಾಜನು ಘೋರಿಯನ್ನು ಸೋಲಿಸಿದನು. ಮರುವರ್ಷ ಅದೇ ಬಯಲಿನಲ್ಲಿ ತಾನೇ ಸೋತನು. ದೆಹಲಿ ಘೋರಿಯ ದಂಡನಾಯಕನಾದ ಕುತುಬುದ್ದೀನ್ ಐಬಕನ ಕೈಸೇರಿತು. ಇನ್ನು ಉಳಿದಿದ್ದ ದೊಡ್ಡ ರಾಜ್ಯ ಕಾಶಿಯದು. ಎರಡೇ ವರ್ಷಗಳಲ್ಲಿ, 1194ರಲ್ಲಿ, ಘೋರಿಯು ಅದರ ಮೇಲೆಯೂ ನಡೆದು ಬಂದನು. ಕರೆದು ತಂದ ಮಿತ್ರನಿಗೆ ಸಲ್ಲುವ ಮರ್ಯಾದೆ ಇದೇ ಏನು ಎಂದು ಆ ಕಟ್ಟುಕಥೆಯನ್ನು ನಂಬುವವರು ಯೋಚಿಸಬೇಕು. ಜಯಚಂದ್ರನು ಕೋಟೆಯಲ್ಲಿ ಅವಿತುಕೊಳ್ಳಲಿಲ್ಲ, ಕಪ್ಪ ಕೊಟ್ಟು ಶರಣಾಗಲಿಲ್ಲ. ಸೈನ್ಯವನ್ನು ಕೂಡಿಸಿಕೊಂಡು ಯಮುನೆಯ ದಡದ ಚಂದವಾರದ ಬಯಲಿನಲ್ಲಿ ಎದುರು ನಿಂತನು. ಇದು ಇಂದಿನ ಫಿರೋಜಾಬಾದಿನ ಬಳಿಯಿದೆ.

ಅವನ ಸೇನೆಯಲ್ಲಿ 700 ಆನೆಗಳಿದ್ದವೆಂದು ಮೋಸುಲ್ ನಗರದ ಇತಿಹಾಸಕಾರ ಇಬ್ನ್ ಅಲ್ ಅಥೀರನು ಬರೆದಿದ್ದಾನೆ. ಗೆದ್ದವರ ಕಡೆಯವರು ಸೋತವರ ಬಲವನ್ನು ಹೆಚ್ಚಿಸಿ ಹೇಳುವುದು ಹಳೆಯ ಪದ್ಧತಿಯಾದುದರಿಂದ ಲೆಕ್ಕವನ್ನು ಸ್ವಲ್ಪ ತಗ್ಗಿಸಿಕೊಂಡು ಓದುವುದು ಕ್ಷೇಮ. ಕಾಳಗವು ಬಿರುಸಾಗಿ ನಡೆಯಿತು. ಆನೆಯ ಮೇಲೆ ಕುಳಿತು ಸೇನೆಯನ್ನು ನಡೆಸುತ್ತಿದ್ದ ಜಯಚಂದ್ರನಿಗೆ ಬಾಣವೊಂದು ತಗುಲಿ ಅವನು ಕೆಳಗುರುಳಿದನೆಂದು ಹಸನ್ ನಿಜಾಮಿ ಎಂಬವನು ತಿಳಿಸುತ್ತಾನೆ. ಅಂಬಾರಿಯಲ್ಲಿ ಅರಸನು ಕಾಣದಂತಾದರೆ ಆ ಕಾಲದ ಸೈನ್ಯ ನಿಲ್ಲುತ್ತಿರಲಿಲ್ಲ. ಗಾಹಡವಾಲರ ದಂಡು ಚೆದುರಿತು.

ಸಂಜೆಯಾದಾಗ ಬಯಲಿನಲ್ಲಿ ಹೆಣಗಳ ರಾಶಿ. ಆನೆಗಳೂ ಕುದುರೆಗಳೂ ತುಳಿದು ಹಾಯ್ದ ನೆಲ. ಅರಸನು ಸತ್ತನೆ, ತಪ್ಪಿಸಿಕೊಂಡನೆ? ಗೆದ್ದವರಿಗೆ ಇದು ತಿಳಿಯಲೇಬೇಕಾಗಿದ್ದಿತು. ಅರಸನು ಬದುಕಿದ್ದರೆ ನಾಳೆ ಮತ್ತೆ ಸೈನ್ಯ ಕೂಡೀತು. ಸೋತವರಿಗೂ ತಿಳಿಯಬೇಕಾಗಿದ್ದಿತು, ತಂದೆಯ ಸಾವು ನಿಶ್ಚಯವಾಗದೆ ಮಗ ಉತ್ತರಕ್ರಿಯೆ ಮಾಡುವುದು ಹೇಗೆ, ಪಟ್ಟವೇರುವುದು ಹೇಗೆ? ಹುಡುಕಿದರು. ಮುಖವನ್ನು ನೋಡಿ ಗುರುತಿಸುವಂತಿರಲಿಲ್ಲ. ಕೊನೆಗೆ ಒಂದು ಶವದ ಬಾಯಲ್ಲಿ ಹೊನ್ನು ಹೊಳೆಯಿತು. ಜಯಚಂದ್ರನ ಹಲ್ಲುಗಳು ಬುಡದಲ್ಲಿ ಸಡಿಲವಾಗಿದ್ದುದರಿಂದ ಅವುಗಳನ್ನು ಚಿನ್ನದ ತಂತಿಯಿಂದ ಬಿಗಿಸಲಾಗಿದ್ದಿತೆಂದೂ, ಆ ತಂತಿಯಿಂದಲೇ ಅವನ ಗುರುತು ಸಿಕ್ಕಿತೆಂದೂ ಇಬ್ನ್ ಅಲ್ ಅಥೀರನು ಬರೆದಿಟ್ಟಿದ್ದಾನೆ. ಈಚಿನ ಕೆಲವು ಪುಸ್ತಕಗಳಲ್ಲಿ ಅರಸನು ಕಟ್ಟಿಸಿಕೊಂಡ ಹಲ್ಲುಗಳನ್ನು ಇಟ್ಟುಕೊಂಡಿದ್ದನೆಂದು ಬರೆಯುತ್ತಾರೆ. ಮೂಲದಲ್ಲಿರುವುದು ಸ್ವಂತ ಹಲ್ಲು, ಹೊನ್ನಿನ ಕಟ್ಟು. ಯಾವನೋ ಅಕ್ಕಸಾಲಿಗನೋ ವೈದ್ಯನೋ ಒಂದು ದಿನ ಅರಸನ ಬಾಯೊಳಗೆ ಕೈಯಿಟ್ಟು, ನೂಲಿನಂತಹ ತಂತಿಯನ್ನು ಹಲ್ಲಿನಿಂದ ಹಲ್ಲಿಗೆ ಸುತ್ತಿ ಬಿಗಿದಿರಬೇಕು. ಅವನ ಹೆಸರು ಚರಿತ್ರೆಯಲ್ಲಿಲ್ಲ. ಅವನ ಕೈಕೆಲಸ ಮಾತ್ರ ಸಾಕ್ಷಿ ನುಡಿಯಿತು.

ಭಾರತದಲ್ಲಿ ಹಲ್ಲಿನಿಂದ ಮೃತನನ್ನು ಗುರುತಿಸಿದ ಮೊದಲ ಪ್ರಸಂಗಗಳಲ್ಲಿ ಇದನ್ನು ಎಣಿಸುತ್ತಾರೆ. ನ್ಯಾಯದಂತವಿಜ್ಞಾನವೆಂಬ ಶಾಸ್ತ್ರ ಆಗ ಹುಟ್ಟಿರಲಿಲ್ಲ. ಆದರೆ ಅದರ ತತ್ತ್ವ ಇದೇ. ಮನುಷ್ಯನ ದೇಹದಲ್ಲಿ ಹಲ್ಲಿನ ಮೇಲ್ಪದರವಾದ ದಂತಕವಚಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಮಾಂಸ ಕೊಳೆತರೂ, ಮುಖ ಸುಟ್ಟರೂ, ಹಲ್ಲುಗಳು ಬಹುಕಾಲ ಉಳಿಯುತ್ತವೆ. ಬೆಳೆದವರ ಬಾಯಲ್ಲಿ 32 ಹಲ್ಲುಗಳು. ಒಂದು ಬಿದ್ದಿರುತ್ತದೆ, ಒಂದು ವಾರೆಯಾಗಿರುತ್ತದೆ, ಒಂದರ ತುದಿ ಮುರಿದಿರುತ್ತದೆ, ಇನ್ನೊಂದರ ಹುಳುಕಿಗೆ ವೈದ್ಯರು ಏನನ್ನೋ ತುಂಬಿರುತ್ತಾರೆ. ಇವೆಲ್ಲ ಸೇರಿ ಒಬ್ಬೊಬ್ಬನ ಬಾಯಿ ಒಂದೊಂದು ಬಗೆಯಾಗುತ್ತದೆ. ವೈದ್ಯರು ಬರೆದಿಟ್ಟ ದಾಖಲೆಯನ್ನೂ ಕ್ಷಕಿರಣದ ಚಿತ್ರವನ್ನೂ ಶವದ ಹಲ್ಲುಗಳೊಡನೆ ಹೋಲಿಸಿದರೆ ಮೃತನು ಯಾರೆಂಬುದು ನಿಶ್ಚಯವಾಗುತ್ತದೆ. ಯಾವ ದಾಖಲೆಯೂ ಇಲ್ಲದಿದ್ದರೆ ವಯಸ್ಸನ್ನಾದರೂ ಅಂದಾಜು ಮಾಡಬಹುದು. ಈ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಮಾರುವವನ ಮಾತನ್ನು ನಂಬುವುದಿಲ್ಲ. ತುಟಿಯೆತ್ತಿ ಹಲ್ಲು ನೋಡುತ್ತಾನೆ. ಹಾಲುಹಲ್ಲಿನ ಕರುವೋ, ಎರಡು ಹಲ್ಲಿನ ಹೋರಿಯೋ, ಬಾಯಿಗೂಡಿದ ಎತ್ತೋ ಅವನಿಗೆ ಒಡನೆ ಗೊತ್ತಾಗುತ್ತದೆ. ಮಕ್ಕಳ ಹಾಲುಹಲ್ಲು ಯಾವಾಗ ಬಿದ್ದು ಯಾವ ಹಲ್ಲು ಯಾವಾಗ ಹುಟ್ಟುತ್ತದೆ, ಬೇರು ಎಷ್ಟು ಬೆಳೆದಿರುತ್ತದೆ ಎಂಬ ಲೆಕ್ಕದಿಂದಲೇ ದಂತವೈದ್ಯರೂ ನ್ಯಾಯಾಲಯಕ್ಕೆ ವಯಸ್ಸನ್ನು ತಿಳಿಸುತ್ತಾರೆ.

ಜಯಚಂದ್ರನಿಗೆ ಒದಗಿದುದೇ ಸುಮಾರು ಆರುನೂರು ವರ್ಷಗಳ ತರುವಾಯ ಅಮೆರಿಕದಲ್ಲಿ ಒಬ್ಬ ವೈದ್ಯನಿಗೆ ಒದಗಿತು. ಸ್ವಾತಂತ್ರ್ಯ ಸಮರದ ನಾಯಕನಾದ ಜೋಸೆಫ್ ವಾರನ್ನನು 1775ರಲ್ಲಿ ಬಾಸ್ಟನ್ನಿನ ಬಳಿಯ ಬಂಕರ್ ಹಿಲ್ ಕಾಳಗದಲ್ಲಿ ಮಡಿದನು. ಇಂಗ್ಲಿಷರು ಅವನನ್ನು ಅಲ್ಲಿಯೇ ಹೂತರು. ಮರುವರ್ಷ ಗೆಳೆಯರು ಗುಳಿಯನ್ನು ತೋಡಿದಾಗ ಪಾಲ್ ರಿವಿಯರ್ ಎಂಬ ಬೆಳ್ಳಿಯ ಕೆಲಸಗಾರನು ತಾನೇ ತಂತಿಯಿಂದ ಕಟ್ಟಿಕೊಟ್ಟಿದ್ದ ಕೃತಕ ಹಲ್ಲುಗಳನ್ನು ನೋಡಿ ತನ್ನ ಮಿತ್ರನನ್ನು ಗುರುತಿಸಿದನು. ಇಲ್ಲಿ ಕೈಕೆಲಸದವನ ಹೆಸರು ಉಳಿದಿದೆ. ಆಮೇಲೆ 1897ರ ಮೇ 4ರಂದು ಪ್ಯಾರಿಸ್ ನಗರದ ಒಂದು ಧರ್ಮಾರ್ಥ ಸಂತೆಗೆ ಬೆಂಕಿ ಬಿದ್ದು 126 ಜನ ಸತ್ತರು. ಗುರುತು ಸಿಗದ ದೇಹಗಳನ್ನು ಅವರವರ ದಂತವೈದ್ಯರಿಗೆ ತೋರಿಸಲಾಯಿತು. ಆಲಾನ್ಸೋನಿನ ಡಚೆಸ್ ಎಂಬ ರಾಜಮನೆತನದ ಮಹಿಳೆಯ ಗುರುತು ಹೀಗೆಯೇ ದೊರೆಯಿತು. ಆಗ ಪ್ಯಾರಿಸ್ಸಿನಲ್ಲಿ ಅಧ್ಯಾಪಕನಾಗಿದ್ದ ಕ್ಯೂಬಾ ದೇಶದ ಆಸ್ಕರ್ ಅಮೊಯೆದೋ ಈ ಅನುಭವಗಳನ್ನು ಆಧರಿಸಿ 1898ರಲ್ಲಿ ಒಂದು ಗ್ರಂಥವನ್ನು ಬರೆದನು. ಅಂದಿನಿಂದ ಇದು ಶಾಸ್ತ್ರವಾಯಿತು. 1945ರಲ್ಲಿ ಹಿಟ್ಲರನು ಸತ್ತುದು ನಿಜವೆಂದು ರಷ್ಯನ್ನರಿಗೆ ಮನವರಿಕೆಯಾದುದೂ ಅವನ ದವಡೆಯ ಹಲ್ಲುಗಳಿಂದಲೇ.

ನಮ್ಮ ನಾಡಿನಲ್ಲಿ ಈ ಶಾಸ್ತ್ರಕ್ಕೆ ದೊಡ್ಡ ಅಡ್ಡಿಯೆಂದರೆ ಹೆಚ್ಚಿನವರ ಹಲ್ಲುಗಳಿಗೆ ದಾಖಲೆಯೇ ಇಲ್ಲದಿರುವುದು. ಹಲ್ಲು ನೋಯುವವರೆಗೆ ವೈದ್ಯರ ಬಳಿಗೆ ಹೋಗದ ಜನ ನಾವು. ಹೋದರೂ ಕಾಗದವನ್ನು ಕಾಪಾಡುವ ಪದ್ಧತಿ ಇಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಅಪಘಾತವಾಗಿ 158 ಜನ ತೀರಿಕೊಂಡಾಗ, ಗುರುತು ಸಿಗದ ದೇಹಗಳ ವಿಷಯದಲ್ಲಿ ಹೈದರಾಬಾದಿನ ಪ್ರಯೋಗಾಲಯದ ಡಿ.ಎನ್.ಎ. ಪರೀಕ್ಷೆಯನ್ನು ಅವಲಂಬಿಸಬೇಕಾಯಿತು. ಆದರೂ ಹಲ್ಲಿನ ಸಾಕ್ಷ್ಯವನ್ನು ಪರೀಕ್ಷಿಸಬಲ್ಲ ತಜ್ಞರು ನಮ್ಮಲ್ಲಿದ್ದಾರೆ. ಸನವಳ್ಳಿಗೆ ದೂರವಲ್ಲದ ಧಾರವಾಡದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯ ಮಹಾವಿದ್ಯಾಲಯಕ್ಕೆ ಇಡೀ ದೇಶವನ್ನು ಕಲಕಿದ ಮೊಕದ್ದಮೆಯೊಂದರ ಸಾಮಗ್ರಿ ಬಂದಿದ್ದಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ತರುಣಿಯೊಬ್ಬಳು ಘೋರ ದೌರ್ಜನ್ಯಕ್ಕೆ ಈಡಾಗಿ ಪ್ರಾಣ ಬಿಟ್ಟಳು. ಅವಳ ಮೈಮೇಲೆ ಮೂಡಿದ್ದ ಹಲ್ಲಿನ ಗುರುತುಗಳ ಛಾಯಾಚಿತ್ರಗಳನ್ನೂ ಆರೋಪಿಗಳ ದಂತಪಂಕ್ತಿಯ ಅಚ್ಚುಗಳನ್ನೂ ಧಾರವಾಡದ ತಜ್ಞರು ಹೋಲಿಸಿ ವರದಿ ಕೊಟ್ಟರು. 2017ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡುವಾಗ ಇತರ ಸಾಕ್ಷ್ಯಗಳೊಡನೆ ಈ ವರದಿಯನ್ನೂ ಪರಿಗಣಿಸಿತು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಶವದ ಬಾಯಲ್ಲಿರುವ ಹಲ್ಲು ಗಟ್ಟಿಯಾದ ವಸ್ತು; ಚರ್ಮದ ಮೇಲೆ ಬಿದ್ದ ಹಲ್ಲಿನ ಗುರುತು ಹಾಗಲ್ಲ. ಚರ್ಮ ಹಿಗ್ಗುತ್ತದೆ, ಬಾಯುತ್ತದೆ, ಗುರುತಿನ ಆಕಾರ ಕೆಡುತ್ತದೆ. ಅಮೆರಿಕದಲ್ಲಿ ಕಚ್ಚಿದ ಗುರುತನ್ನೇ ನೆಚ್ಚಿ ಶಿಕ್ಷೆ ವಿಧಿಸಲಾದ ಹಲವರು ನಿರಪರಾಧಿಗಳೆಂದು ಆಮೇಲೆ ಡಿ.ಎನ್.ಎ. ಪರೀಕ್ಷೆಯಿಂದ ತಿಳಿದುಬಂದಿತು. ಆದುದರಿಂದ ಮೃತರನ್ನು ಗುರುತಿಸುವಲ್ಲಿ ಹಲ್ಲಿಗೆ ಕೊಡುವ ಬೆಲೆಯನ್ನು, ಅಪರಾಧಿಯನ್ನು ಗುರುತಿಸುವಲ್ಲಿ ಕಚ್ಚಿದ ಗುರುತಿಗೆ ಒಂದೇ ಅಳತೆಯಲ್ಲಿ ಕೊಡಲಾಗದು. ಬೇರೆ ಸಾಕ್ಷ್ಯಗಳು ಅದಕ್ಕೆ ಬೆಂಬಲವಾಗಿ ನಿಲ್ಲಬೇಕು.

ಚಂದವಾರದ ಬಯಲಿನಲ್ಲಿ ಜಯಚಂದ್ರನ ಸಾವು ನಿಶ್ಚಯವಾದ ಮೇಲೆ ಘೋರಿಯ ಸೈನ್ಯಕ್ಕೆ ಕಾಶಿಯ ದಾರಿ ತೆರೆಯಿತು. ನಗರವು ಸೂರೆಹೋಯಿತು, ದೇವಾಲಯಗಳು ಉರುಳಿದವು. ಕೊಳ್ಳೆಯ ಮಾಲನ್ನು 1400 ಒಂಟೆಗಳ ಮೇಲೆ ಹೇರಿಕೊಂಡು ಹೋದರೆಂದು ಇಬ್ನ್ ಅಲ್ ಅಥೀರನ ಲೆಕ್ಕ. ಸೆರೆಸಿಕ್ಕ ಆನೆಗಳನ್ನು ಘೋರಿಯ ಮುಂದೆ ತಂದು ನಿಲ್ಲಿಸಿದಾಗ ಎಲ್ಲವೂ ಮಾವುತರ ಆಣತಿಯಂತೆ ನಮಿಸಿದವಂತೆ. ಒಂದು ಬಿಳಿಯ ಆನೆ ಮಾತ್ರ ನಮಿಸಲಿಲ್ಲವಂತೆ. ಶತ್ರುಪಕ್ಷದವನೇ ಇದನ್ನು ಬರೆದಿಟ್ಟನೆಂಬುದು ಗಮನಿಸಬೇಕಾದ ಸಂಗತಿ.

ಆದರೂ ಗಾಹಡವಾಲರ ರಾಜ್ಯ ಆ ಒಂದೇ ದಿನದಲ್ಲಿ ಮುಗಿದುಹೋಗಲಿಲ್ಲ. ಯಾವ ಮಗನ ಜಾತಕರ್ಮಕ್ಕಾಗಿ 1175ರಲ್ಲಿ ತಾಮ್ರಪಟ ಬರೆಯಿಸಿದ್ದರೋ ಆ ಹರಿಶ್ಚಂದ್ರನು ತನ್ನ ಹತ್ತೊಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಅಳಿದುಳಿದ ಸೀಮೆಗೆ ಅರಸನಾದನು. ಕಾಶಿಗೆ ವಾಯವ್ಯದಲ್ಲಿರುವ ಮಛಲೀಶಹರದಲ್ಲಿ ಅವನ ಒಂದು ತಾಮ್ರಪಟ ಸಿಕ್ಕಿದೆ. ಅದರ ಕಾಲ 1197. ಚಂದವಾರದ ಕಾಳಗ ನಡೆದು ಮೂರು ವರ್ಷಗಳಾಗಿದ್ದವು. ಅದರಲ್ಲಿಯೂ ವಂಶದ ಬಿರುದುಗಳೆಲ್ಲ ಮೊದಲಿನಂತೆಯೇ ಇವೆ, ಪೂರ್ವಜರ ಸಾಲಿನಲ್ಲಿ ಜಯಚಂದ್ರನ ಹೆಸರು ಮರ್ಯಾದೆಯೊಡನೆ ಬಂದಿದೆ, ಒಂದು ಹಳ್ಳಿಯನ್ನು ದಾನವಾಗಿ ಕೊಟ್ಟ ವಿವರವಿದೆ.